ನವಾಬನ ಕಾಲಿನ ಎಲುಬು

ಬೀದರಿನ ಹಳೆಯ ಪೇಟೆಯಲ್ಲಿ ಚಳಿಗಾಲದ ಬೆಳಿಗ್ಗೆ ಒಂದು ವಾಸನೆ ಏಳುತ್ತದೆ. ಕುರಿಯ ಕಾಲುಗಳನ್ನು ಬೆಂಕಿಗೆ ಹಿಡಿದು ಕೂದಲು ಸುಡುವ ವಾಸನೆ. ಅದು ಮೊದಲು ಮೂಗಿಗೆ ಅವಮಾನ ಮಾಡುತ್ತದೆ. ಗಂಟೆ ಕಳೆದ ಮೇಲೆ ಅದೇ ಕಾಲುಗಳು ಶುಂಠಿ, ಮೆಣಸಿನ ಜೊತೆ ಕುದಿದು ಪಾಯಾ ಆಗಿ, ಹೊಟ್ಟೆಯ ಮುಂದೆ ಕ್ಷಮೆ ಕೇಳುತ್ತವೆ.

ಮೂವತ್ತು ಚಿಲ್ಲರೆ ವರ್ಷ ಪಶುವೈದ್ಯನಾಗಿ ದುಡಿದು, ನಿವೃತ್ತನಾಗಿ, ಭಾಲ್ಕಿಯ ಮನೆ ಬಿಟ್ಟು ಈಗ ಬೀದರಿನಲ್ಲಿದ್ದೇನೆ. ಹೋದ ವಾರ ಮೊಣಕಾಲು ನೋವೆಂದು ನೆರೆಮನೆಯ ಖಾಸಿಂ ಸಾಬರ ಮುಂದೆ ಬಾಯಿ ತಪ್ಪಿ ಅಂದುಬಿಟ್ಟೆ.

“ಗುಳಿಗಿ ಒಗೀರಿ ಡಾಕ್ಟರ್ ಸಾಬ್, ಪಾಯಾ ಕುಡೀರಿ. ನಾಕು ದಿನದಾಗ ಕೋಟಿ ಹತ್ತಿ ಇಳಿಲಿಲ್ಲಂದ್ರ ನನ್ನ ಹೆಸರು ಬದಲ್ ಮಾಡ್ರಿ” ಎಂದು ಅವರು ನನ್ನನ್ನು ಅಂಗಡಿಗೆ ಎಳೆದೊಯ್ದರು. ಬೀದರಿನವರು ಕೋಟಿ ಎಂದರೆ ಕೋಟೆ.

ಬಟ್ಟಲು ಮುಂದೆ ಬಂತು. ಅದರೊಳಗೆ ಒಂದು ಕಾಲೆಲುಬು, ಗಿಡ್ಡದು, ಶಿಸ್ತಾಗಿ ಮಲಗಿತ್ತು. ನನಗೆ ಕುಡಿಯಲಾಗಲಿಲ್ಲ. ಕಣ್ಣ ಮುಂದೆ ಬಂದದ್ದು ಬೇರೊಂದು ಎಲುಬು, ನನ್ನ ನೌಕರಿಯ ಕಡೆಯ ಚಳಿಗಾಲದ್ದು, ಔರಾದ ತಾಲ್ಲೂಕಿನದು.

ಆ ಊರಿನ ಹೆಸರು ಬರೆಯುವುದಿಲ್ಲ. ಕೇಸು ಇನ್ನೂ ನಡೆದಿದೆ. ಅಲ್ಲದೆ ಆ ಊರಿನವರು ಇಂದಿಗೂ ನನ್ನನ್ನು ಮದುವೆಗೆ ಕರೆಯುತ್ತಾರೆ, ಊಟ ಚೆನ್ನಾಗಿರುತ್ತದೆ. ಔರಾದದಿಂದ ಮಹಾರಾಷ್ಟ್ರದ ಗಡಿಯ ಕಡೆ ಹೋದರೆ ಸಿಗುವ ಊರು ಎಂದರೆ ಸಾಕು. ಕರಿ ಮಣ್ಣು, ತೊಗರಿ, ಜೋಳ, ಕುರಿ. ಒಂದು ಪಶು ದವಾಖಾನೆ, ಅದರಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ನಾನು. ವಾರವೆಲ್ಲ ಅಲ್ಲಿದ್ದು, ಶನಿವಾರ ಬಸ್ಸು ಹಿಡಿದು ಭಾಲ್ಕಿಯ ಮನೆಗೆ ಬರುತ್ತಿದ್ದೆ.

ಆ ಊರಿನ ಅತ್ಯಂತ ಗಣ್ಯ ವ್ಯಕ್ತಿಗೆ ನಾಲ್ಕು ಕಾಲಿದ್ದವು. ಹೆಸರು ನವಾಬ. ಮಾಳಪ್ಪನೆಂಬ ದೊಡ್ಡ ಕುರಿಗಾರನ ಟಗರು. ಮೈ ಕಪ್ಪು, ಕೊಂಬು ಎರಡು ಸುತ್ತು, ಎತ್ತರ ಮಾತ್ರ ನಮ್ಮ ನಾಡಿನ ಟಗರಿಗೆ ಸಲ್ಲದ ಎತ್ತರ. ಅದರ ತಾತನೋ ಮುತ್ತಾತನೋ ಯಾವುದೋ ಫಾರಮ್ಮಿನಿಂದ ಬಂದ ವಿಲಾಯತಿ ಟಗರಂತೆ. ಆ ವಂಶಾವಳಿಯನ್ನು ಮಾಳಪ್ಪ ತನ್ನ ವಂಶಾವಳಿಗಿಂತ ಹೆಚ್ಚು ನಿಷ್ಠೆಯಿಂದ ಹೇಳುತ್ತಿದ್ದ.

ನವಾಬನ ವೃತ್ತಿ ಕಾಳಗ. ಅಂಥ ಕಾಳಗ ಕಾನೂನಿಗೆ ವಿರುದ್ಧ. ಆದ್ದರಿಂದ ನಾನು ಅಲ್ಲಿಗೆ ಹೋಗಿರಲಿಲ್ಲ. ಹೋಗದೆ ಕಂಡದ್ದನ್ನು ಹೇಳುತ್ತೇನೆ. ಕೊಯ್ಲಾದ ಹೆಸರುಕಾಳಿನ ಹೊಲ, ಸುತ್ತ ಜನ, ಎದುರಿಗೆ ಗಡಿಯಾಚೆಯಿಂದ ಬಂದ ಒಂದು ಬಿಳಿ ಟಗರು. ಎರಡೂ ಹಿಂದೆ ಹಿಂದೆ ಸರಿದು, ಗಾಳಿ ನುಂಗಿ, ಓಡಿ ಬಂದವು. ಬೇರೆ ಟಗರುಗಳು ಹಣೆಗೆ ಹಣೆ ಗುದ್ದಿದರೆ, ನವಾಬ ತನ್ನ ಉದ್ದ ಕಾಲಿನ ಮೇಲೆ ಎತ್ತರಕ್ಕೆ ಎದ್ದು ಮೇಲಿನಿಂದ ಇಳಿಯುತ್ತಿತ್ತು. ಮೂರನೆಯ ಗುದ್ದಿಗೆ ಒಣ ತೊಗರಿಕಟ್ಟಿಗೆ ಮುರಿದ ಸದ್ದಾಯಿತು. ಬಿಳಿ ಟಗರು ಕುತ್ತಿಗೆ ಹೊರಳಿಸಿಕೊಂಡು ಬಿತ್ತು. ಕಾಲು ಮಾತ್ರ ಇನ್ನೂ ಓಡುತ್ತಿದ್ದವು. ಅದರ ಮೂಗಿನ ರಕ್ತವನ್ನು ಮಾಳಪ್ಪ ಬೆರಳಲ್ಲಿ ತೆಗೆದು ನವಾಬನ ಹಣೆಗೆ ಹಚ್ಚಿದ. ಜನ ಕೂಗಿದರು. ಸತ್ತ ಟಗರಿನ ಮಾಲೀಕ ಅಲ್ಲಿಯೇ ಕೂತು ಅತ್ತ. ಅವನ ಬೆನ್ನಿಗೆ ಯಾರೋ ಒಬ್ಬ, ಸಂತೋಷಕ್ಕೆ, ಒದ್ದ.

ಆ ಊರಿನಲ್ಲೊಂದು ಪದ್ಧತಿ. ಗೆದ್ದ ಟಗರಿನ ಬೀಜ ಊರು ದಾಟಬಾರದು. ದಾಟಿದರೆ ಮುಂದಿನ ಸಲ ಅದರ ಮಗನೇ ಎದುರು ಪಾಳೆಯದಲ್ಲಿ ನಿಲ್ಲುತ್ತಾನೆ ಎಂಬುದು ಅವರ ರಾಜನೀತಿ. ಆದ್ದರಿಂದ ನವಾಬನನ್ನು ಊರಿನ ಹಿಂಡುಗಳಿಗಷ್ಟೇ ಬಿಡುತ್ತಿದ್ದರು. ಹೆಣ್ಣುಮರಿಗಳು ಹುಟ್ಟಿ ಬೆಳೆದ ಮೇಲೆ ಅವಕ್ಕೂ ನವಾಬನನ್ನೇ ಬಿಟ್ಟರು.

“ಮಾಳಪ್ಪ, ಅಪ್ಪಗ ಮಗಳಿಗಿ ಕೂಡಸಬ್ಯಾಡ. ಟಗರು ಬದಲಿ ಮಾಡು” ಎಂದು ನಾನು ಹೇಳಿದ್ದೆ.

“ಸೋದರಮಾವಗ ಮಗಳ್ನ ಕೊಡೂ ಜನ ನಾವು. ಮನಿ ಖೂನು ಮನ್ಯಾಗಿದ್ರ ಬಲ ಜಾಸ್ತಿ ಆಗ್ತದ್ರಿ ಸಾಬ್. ನಿಮ್ಮ ಬುಕ್ಕಿನಾಗ ಅದು ಬರ್ದಿಲ್ಲೇನು?” ಎಂದು ಅವನು ನಕ್ಕಿದ್ದ. ಖೂನು ಎಂದರೆ ಅವರಿಗೆ ರಕ್ತ.

ಊರು ದಾಟುವ ಬೀಜಕ್ಕೆ ಒಂದೇ ವಿನಾಯಿತಿ, ಮಗಳ ಮದುವೆ. ಮಾಳಪ್ಪನ ಒಬ್ಬಳೇ ಮಗಳು ಭಾಗಮ್ಮ. ಅವಳನ್ನು ಭಾಲ್ಕಿ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಾಗ, ಬಂಗಾರದ ಜೊತೆಗೆ ನವಾಬನ ಒಬ್ಬ ಮಗನನ್ನೂ ಒಂದಿಷ್ಟು ಹೆಣ್ಣುಮಕ್ಕಳನ್ನೂ ಟೆಂಪೋದಲ್ಲಿ ಹತ್ತಿಸಿ ಕಳಿಸಿದ. ಬೀಗರು ಬಂಗಾರವನ್ನು ತೂಗಿ ನೋಡಿದರಂತೆ, ಟಗರಿಗೆ ಮಾತ್ರ ಕೈಮುಗಿದರಂತೆ.

ಇಡೀ ಊರಿನಲ್ಲಿ ನವಾಬನ ಸಂಬಂಧ ಬೆಳೆಸದ ಹಿಂಡು ಒಂದೇ. ಅದು ಎಸ್ತೇರಮ್ಮನವರದು. ಅವರು ನಿವೃತ್ತ ನರ್ಸು, ಮೆಥಡಿಸ್ಟ್ ಮನೆತನ, ಊರಿಗೆಲ್ಲ ‘ಸಿಸ್ಟರಮ್ಮ’. ಅರ್ಧ ಊರನ್ನು ಹೊಟ್ಟೆಯಿಂದ ಹೊರಗೆಳೆದವರು. ಉಳಿದರ್ಧಕ್ಕೆ ಸೂಜಿ ಚುಚ್ಚಿದವರು. ವಯಸ್ಸು ಎಪ್ಪತ್ತರ ಆಸುಪಾಸು, ದನಿ ಇಪ್ಪತ್ತರದು. ಹಿತ್ತಲಲ್ಲಿ ಎಂಟೋ ಹತ್ತೋ ಕುರಿ. ಒಂದು ದಿನ ನವಾಬ ಅವರ ಗೋಡೆ ಹಾರಿ ಒಳಗಿಳಿದು, ಒಂದು ಸಣ್ಣ ಕುರಿಯ ಸೊಂಟ ಮುರಿಯಿತು. ಸಿಸ್ಟರಮ್ಮ ಕಬ್ಬಿಣದ ಬಕೆಟ್ಟಿನಿಂದ ಅದರ ಮೂಗಿನ ಮೇಲೆ ಬಾರಿಸಿದರು. ಗಡಿಯಾಚೆಯ ವೀರರನ್ನು ಕೊಂದ ಟಗರು ಊರೆಲ್ಲ ನೋಡುತ್ತಿದ್ದಂತೆ ಹಿಂದೆ ಸರಿಯಿತು. ಮಾಳಪ್ಪನ ಇಜ್ಜತ್ತು ಆ ಬಕೆಟ್ಟಿನಲ್ಲಿ ಬಿತ್ತು.

“ಇನ್ನ ಮ್ಯಾಲ ನಿಮ್ಮ ಕುರಿಗೋಳಿಗಿ ನವಾಬ ಬರಂಗಿಲ್ರಿ, ಸಿಸ್ಟರಮ್ಮ.”

“ಬರಬ್ಯಾಡ ಅಂತನೇ ಹೊಡದೀನಿ. ನಿನಗೂ ಬಕೆಟ್ ಬೇಕೇನು?”

ಅವರು ಯಾರದೋ ಕುಳ್ಳ ಟಗರೊಂದನ್ನು ತಂದು ಬಿಟ್ಟುಕೊಂಡರು. ನೋಡಲು ಬೋರಲು ಹಾಕಿದ ಬುಟ್ಟಿಯಂತಿತ್ತು.

ಮಳೆ ಮುಗಿಯಿತು. ತೊಗರಿ ಕಾಯಿ ಕಟ್ಟಿತು. ಚಳಿ ಇಳಿಯುತ್ತಿದ್ದಂತೆ ಕುರಿಗಳು ಈಯತೊಡಗಿದವು.

ಮೊದಲ ಮರಿಯನ್ನು ಮಾಳಪ್ಪ ಕಂಬಳಿಯಲ್ಲಿ ಸುತ್ತಿ ದವಾಖಾನೆಗೆ ತಂದ. ಮೇಜಿನ ಮೇಲೆ ಇಟ್ಟು ಬಿಚ್ಚಿದ. ನಾನು ಕುರ್ಚಿಯಿಂದ ಎದ್ದೆ. ಕಾಲುಗಳು ಮೈಗಿಂತ ಎರಡು ಪಟ್ಟು ಉದ್ದ, ಕಡ್ಡಿಯಷ್ಟು ತೆಳ್ಳಗೆ, ಮೊಣಕಾಲಲ್ಲಿ ಹೊರಕ್ಕೆ ಬಾಗಿದ್ದವು. ಬೆನ್ನು ತಿರುಚಿತ್ತು. ಮೂತಿ ಒಂದು ಕಡೆಗೆ ವಾಲಿತ್ತು. ಅದು ಏಳಲು ನೋಡಿತು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಮತ್ತೆ ನೋಡಿತು. ಬ್ಯಾ ಎಂದಿತು. ದನಿ ಮಾತ್ರ ಎಲ್ಲ ಮರಿಗಳ ದನಿಯೇ.

“ಡಾಕ್ಟರ್ ಸಾಬ್, ಇದೇನ್ರಿ? ಕುರಿ ಹೊಟ್ಟ್ಯಾಗ ಜೇಡ ಹುಟ್ಯದಲ್ರಿ.”

ನಾನು ಅದಕ್ಕೆ ಸೂಜಿ ಕೊಟ್ಟು ಮಲಗಿಸಿದೆ. ಎರಡನೆಯದಕ್ಕೂ. ಆಮೇಲೆ ಮಾಳಪ್ಪನ ತಮ್ಮ ಶಿವರಾಯ ನನ್ನ ತನಕ ತರುವುದನ್ನೇ ಬಿಟ್ಟ. ಹಿಂಗಾಲು ಹಿಡಿದು ದೊಡ್ಡಿಯ ಕಲ್ಲಿಗೆ ಬಡಿಯುತ್ತಿದ್ದ. ನೆಟ್ಟಗಿನ ಏಳು ಮರಿಗೆ ಇಂಥದೊಂದರಂತೆ ಹುಟ್ಟುತ್ತಲೇ ಹೋದವು. ಬೆಳಿಗ್ಗೆ ಎದ್ದರೆ ಆ ಕಲ್ಲಿನ ಸದ್ದು. ಹೂತದ್ದನ್ನು ನಾಯಿಗಳು ಕೆದರಿ, ಆ ಉದ್ದ ಕಾಲುಗಳನ್ನು ಬಾಯಲ್ಲಿ ಕಚ್ಚಿಕೊಂಡು ಊರ ನಡುವೆ ಮೆರವಣಿಗೆ ಹೊರಟವು. ಶಿವರಾಯ ನಾಯಿಗಳನ್ನೂ ಕೊಂದ.

ನಾನು ಒಂದು ಮರಿಯ ಮುಂಗಾಲನ್ನು ಗರಗಸದಲ್ಲಿ ಉದ್ದುದ್ದ ಸೀಳಿ ನೋಡಿದೆ. ಎಲುಬಿನ ತುದಿಯಲ್ಲಿ, ಗಟ್ಟಿಯಾಗಿ ಮುಗಿಯಬೇಕಾದ ಕಡೆ, ನಾವು ಊಟದಲ್ಲಿ ಕರಕರ ಅಗಿಯುವ ಮೆತ್ತನೆಯ ಮೂಳೆ ದ್ವೀಪ ದ್ವೀಪವಾಗಿ ಉಳಿದಿತ್ತು. ಬೆಳವಣಿಗೆ ನಿಲ್ಲಿಸುವುದನ್ನು ಮರೆತ ಎಲುಬು ಅದು. ಫೋಟೋ ತೆಗೆದು, ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲಿತು ಈಗ ಹೈದರಾಬಾದಿನಲ್ಲಿ ಪ್ರಾಣಿಗಳ ಜೀನು ಓದುವ ಗೌರಿಗೆ ಕಳಿಸಿದೆ. ಅವಳು ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ.

“ಸರ್, ಈ ಮರಿಗಳ ಅಪ್ಪ ಎತ್ತರ ಅದಾನೇನ್ರಿ?”

ನಾನು ಕಿಟಕಿಯಿಂದ ನೋಡಿದೆ. ನವಾಬ ಬೇವಿನ ಮರದ ಕೊಂಬೆಗೆ ಮುಂಗಾಲಿಟ್ಟು, ಬೇರೆ ಯಾವ ಕುರಿಗೂ ಎಟುಕದ ಎಲೆ ತಿನ್ನುತ್ತಿತ್ತು.

ಅವಳು ವಿವರಿಸಿದಳು. ಎಲುಬು ಬೆಳೆಯುವ ತುದಿಯಲ್ಲಿ ಪ್ರತಿ ಜೀವಕೋಶದ ಪೊರೆಯಲ್ಲೂ ಒಂದು ಪ್ರೋಟೀನು ಕಾವಲು ಕೂತಿರುತ್ತದೆ. ಅದರ ಕೆಲಸ ‘ಸಾಕು, ನಿಲ್ಲು’ ಎನ್ನುವುದು. ಅದನ್ನು ಕಟ್ಟುವ ಜೀನಿಗೆ ಎಫ್‌ಜಿಎಫ್‌ಆರ್ ಮೂರು ಎಂದು ಹೆಸರು. ವಿಜ್ಞಾನಿಗಳಿಗೆ ನಾಮಕರಣದ ಅಧಿಕಾರ ಕೊಟ್ಟರೆ ಹೀಗೆಯೇ. ಮನುಷ್ಯರಲ್ಲಿ ಆ ಕಾವಲುಗಾರ ಅತಿಯಾಗಿ ಗದರಿದರೆ ಕೈಕಾಲು ಗಿಡ್ಡವಾಗಿ ಉಳಿಯುತ್ತವೆ. ಅವನು ಸತ್ತರೆ ಎಲುಬಿಗೆ ಹೇಳುವವರು ಕೇಳುವವರಿಲ್ಲ. ಪ್ರತಿ ಪ್ರಾಣಿಗೂ ಆ ಜೀನಿನ ಎರಡು ಪ್ರತಿ, ಅಪ್ಪನಿಂದೊಂದು, ತಾಯಿಯಿಂದೊಂದು. ಒಂದು ಕೆಟ್ಟಿದ್ದರೆ ಪ್ರಾಣಿ ಕೊಂಚ ಎತ್ತರ, ಕಾಲು ಉದ್ದ, ನೋಡಲು ಚೆಂದ, ಕಾಳಗದಲ್ಲಿ ಮೇಲುಗೈ. ಎರಡೂ ಕೆಟ್ಟರೆ ಜೇಡ. ನವಾಬನ ಒಂದು ಪ್ರತಿ ಕೆಟ್ಟಿತ್ತು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಅದು ಬಳುವಳಿ ಬಂದಿತ್ತು. ಅಪ್ಪ ಮಗಳು ಕೂಡಿದಾಗ ಎರಡು ಕೇಡು ಒಂದೇ ಹೊಟ್ಟೆಯಲ್ಲಿ ಭೇಟಿಯಾದವು. ಇಡೀ ಊರು ಹೆಮ್ಮೆಯಿಂದ ನೋಡಿದ್ದ ಆ ಎತ್ತರ, ಅರ್ಧ ಸತ್ತ ಕಾವಲುಗಾರನ ಕೊಡುಗೆ.

ಅಷ್ಟರಲ್ಲಿ ಊರು ತನ್ನದೇ ಸಂಶೋಧನೆ ನಡೆಸಿತ್ತು. ಮಾಟಕ್ಕೆ ನಮ್ಮ ಕಡೆ ಭಾನಾಮತಿ ಎನ್ನುತ್ತಾರೆ. ಅದನ್ನು ಬಿಡಿಸಲು ಗಡಿಯಾಚೆಯಿಂದ ಒಬ್ಬ ಮಹಾರಾಜ ಬಂದ. ಕುಂಕುಮ, ನಿಂಬೆಹಣ್ಣು, ಒಂದು ಮೊಬೈಲು. ಅವನು ಕಣ್ಣು ಮುಚ್ಚಿ ಕೇಳಿದ: “ಊರಾಗ ಯಾರ ಮರಿ ನೆಟ್ಟಗ ಅವ?”

ಪ್ರಶ್ನೆಯಲ್ಲಿ ಅವನಿಗೂ ಗೌರಿಗೂ ಹೆಚ್ಚು ಭೇದವಿರಲಿಲ್ಲ. ಸಿಸ್ಟರಮ್ಮನವರ ಹಿತ್ತಲಲ್ಲಿ ಹುಟ್ಟಿದ ಮರಿಗಳೆಲ್ಲ ನೆಟ್ಟಗೆ ನಿಂತು ಜಿಗಿಯುತ್ತಿದ್ದವು. ಉತ್ತರ ಮಾತ್ರ, ಅವರ ಮುಂದಿನ ಹಲ್ಲು ಕೀಳಬೇಕು ಎಂದು ಬಂತು. ಹಲ್ಲು ಹೋದರೆ ಮಂತ್ರ ತೊದಲುತ್ತದೆ, ತೊದಲಿದ ಮಂತ್ರ ನಾಟುವುದಿಲ್ಲ. ಇದು ನಮ್ಮ ಭಾಗದ ಹಳೆಯ ನಂಬಿಕೆ. ಉಚ್ಚಾರ ಶುದ್ಧಿಯ ಮೇಲೆ ಇಷ್ಟು ಶ್ರದ್ಧೆ ನಮ್ಮ ಶಾಲೆಗಳಲ್ಲೂ ಇಲ್ಲ. ಸೋಮವಾರ ಅಮಾವಾಸ್ಯೆ, ಅವತ್ತು ಮಧ್ಯಾಹ್ನ ಎಂದು ಗೊತ್ತು ಮಾಡಿದರು.

ನಾನು ಶುಕ್ರವಾರ ಮಾಳಪ್ಪನ ದೊಡ್ಡಿಗೆ ಹೋದೆ. ಕಾವಲುಗಾರನ ಕಥೆಯನ್ನು ಅವನ ಭಾಷೆಯಲ್ಲೇ ಹೇಳಿದೆ.

“ಮಾಳಪ್ಪ, ಎಲುಬಿಗಿ ಸಾಕು ಅನ್ನಾಂವ ಒಬ್ಬ ಇರ್ತಾನ. ನವಾಬನ ಮೈಯಾಗ ಅಂವ ಅರ್ಧ ಸತ್ತಾನ. ಅದಕ್ಕೇ ಕಾಲು ಉದ್ದ. ಅದರ ಮಗಳ ಮೈಯಾಗೂ ಅರ್ಧ ಸತ್ತಿದ್ರ, ಇಬ್ಬರ ಮರಿಯಾಗ ಪೂರಾ ಸಾಯ್ತಾನ. ಸಿಸ್ಟರಮ್ಮನ ಮರಿ ನೆಟ್ಟಗಿರೂದು ಮಾಟದಿಂದಲ್ಲ. ಅವುಕ್ಕ ನವಾಬ ಅಪ್ಪ ಅಲ್ಲ, ಅಷ್ಟೇ.”

“ಅಂದ್ರ ನನ್ನ ನವಾಬನ ಖೂನೇ ಖರಾಬ್ ಅಂತೀರೇನ್ರಿ?”

“ಖರಾಬ್ ಅಂತಲ್ಲ, ಅದರಾಗ ಒಂದು...”

ಅವನ ಕೈ ಬಂದದ್ದು ನನಗೆ ಕಾಣಲಿಲ್ಲ. ಕನ್ನಡಕ ಒಂದು ಕಡೆ, ನಾನೊಂದು ಕಡೆ ಬಿದ್ದೆವು. ಎಡಗಿವಿಯೊಳಗೆ ಔರಾದದ ಬಸ್ಸೊಂದು ಶುರುವಾಗಿ ನಿಲ್ಲದೆ ಹೋಯಿತು. ಶಿವರಾಯ ನನ್ನ ಪಕ್ಕೆಗೆ ಒಂದು ಒದ್ದ. ಆಮೇಲೆ ಮಾಳಪ್ಪನೇ ಕನ್ನಡಕವನ್ನು ಧೋತರದಿಂದ ಒರೆಸಿ ಕೈಗೆ ಕೊಟ್ಟ.

“ಹೋಗ್ರಿ ಸಾಬ್. ನೀವು ಸರಕಾರಿ ಮನಷ್ಯಾ. ಇನ್ನೊಮ್ಮಿ ನವಾಬಂಗ ಅನಬ್ಯಾಡ್ರಿ.”

ಹೊಡೆಯುವಾಗಲೂ ‘ರಿ’ ಬಿಡದ ಜನ ನಮ್ಮವರು.

ಸಿಸ್ಟರಮ್ಮನಿಗೆ ಬೀದರಿಗೆ ನಡೆಯಿರಿ ಎಂದು ಕೈಮುಗಿದೆ. ಅವರು ನನ್ನ ಕಿವಿಗೆ ಔಷಧ ಬಿಡುತ್ತಿದ್ದರು.

“ನಾ ಓಡಿದ್ರ, ಹೌದು ನಾನೇ ಮಾಡೀನಿ ಅಂದಂಗಾಯ್ತು. ಅಲ್ಲಾಡಬ್ಯಾಡ್ರಿ, ಔಷಧ ಹೊರಗ ಬರ್ತದ. ಗಂಡಸರಾಗಿ ಒಂದು ಕಿವಿ ನೋವು ತಡ್ಯಂಗಿಲ್ಲ ನೀವು.”

ಠಾಣೆಗೆ ತಿಳಿಸಿದೆ. ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಮೊದಲೇ ಜೀಪು ಬರುವುದೆಂದು ಆಯಿತು. ಶನಿವಾರ ಭಾಲ್ಕಿಗೆ ಬಂದೆ. ಬಾಗಿಲು ತೆರೆದ ನನ್ನವಳು ಊದಿದ ಮುಖ ನೋಡಿ, “ಯಾವ ಕುರಿ ಒದೀತ್ರಿ?” ಎಂದಳು.

“ಕುರಿ ಅಲ್ಲ, ಕುರಿ ಮಾಲಕ.”

“ರಿಟೈರ್ ಆಗೂ ತನಕ ಎಲ್ಲಾರ ಕೈಲೂ ಹೊಡಿಸ್ಕೊಂಡೇ ಮನಿಗಿ ಬರ್ತೀರಿ ಕಾಣ್ತದ.”

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಒಬ್ಬ ಯುವಕ ಬಂದ, ಕೈಯಲ್ಲಿ ಗೊಬ್ಬರದ ಚೀಲ. ಚೀಲದ ಬಾಯಿಂದ ಎರಡು ಉದ್ದ ಕಾಲು ಹೊರಗೆ ಇಣುಕುತ್ತಿದ್ದವು.

“ಟಗರು ಎಲ್ಲೀದು?” ಎಂದೆ.

“ನಮ್ಮ ಮಾವ ಕೊಟ್ಟದ್ರಿ, ಔರಾದ ಕಡೀದು. ಟಗರಿಂದೇನಿಲ್ರಿ ಸಾಬ್, ಅದು ಭಾರೀ ಖಾನದಾನಿ. ಆ ಟಗರ ಜೊತಿಗಿ ಬಂದಾಳಲ್ಲ ಆಕಿ, ಆಕೀದೇ ಪೀಡಾ. ತವರುಮನಿಯಿಂದ ಭಾನಾಮತಿ ಕಲ್ತು ಬಂದಾಳ.”

ಅವನು ಭಾಗಮ್ಮನ ಗಂಡ.

ಅವನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಆ ಹಳ್ಳಿಗೆ ಹೋದೆ. ಭಾಗಮ್ಮ ದನದ ಕೊಟ್ಟಿಗೆಯಲ್ಲಿ, ಗೂಟದ ಪಕ್ಕ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಸೆರಗಿನ ರಕ್ತ ಕಂದುಬಣ್ಣಕ್ಕೆ ತಿರುಗಿ, ಒಣಗಿ ಗಟ್ಟಿಯಾಗಿತ್ತು. ಅತ್ತೆ ನನಗೆ ಚಹಾ ಕೊಡುತ್ತ, “ಎರಡೇ ತೆಗ್ಸೀವ್ರಿ. ಹೆಣ್ಣುಮಗಳು, ಪೂರಾ ತೆಗೆದ್ರ ಚಂದ ಕಾಣಂಗಿಲ್ಲ” ಎಂದಳು, ಉದಾರವಾಗಿ. ಹುಡುಗಿ ನನ್ನನ್ನು ಗುರುತು ಹಿಡಿದಳು. ಸೆರಗನ್ನು ಬಾಯಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

ನನ್ನ ಮಾತು ಮಾಳಪ್ಪನ ಕಿವಿಗೆ ಹೋಗುವುದಿಲ್ಲ. ಮಗಳ ಬಾಯಿ ಹೋಗಬಹುದು. ಆದರೆ ಅವಳನ್ನು ಇಲ್ಲಿಂದ ಹೊರಡಿಸುವುದು ಹೇಗೆ?

ನಾನು ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು, ಕಚೇರಿಯ ಕನ್ನಡದಲ್ಲಿ ಮಾತಾಡಿದೆ: “ಸದರಿ ರೋಗವು ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಸಂಭವವಿರುವುದರಿಂದ, ಸದರಿ ಮಹಿಳೆಯನ್ನು ಈ ಕೂಡಲೇ ಸರಕಾರಿ ತಪಾಸಣೆಗೆ ಒಳಪಡಿಸತಕ್ಕದ್ದು. ಅಡ್ಡಿಪಡಿಸಿದವರನ್ನೂ ತಪಾಸಣೆಗೆ ಒಳಪಡಿಸತಕ್ಕದ್ದು. ತಪಾಸಣೆಯು ಸೂಜಿಯ ಮೂಲಕ, ಹೊಕ್ಕುಳದ ಸುತ್ತ.”

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಸೇವಾವಧಿಯಲ್ಲಿ ನಾನು ಹೇಳಿದ ಅತ್ಯಂತ ಉಪಯುಕ್ತ ಸುಳ್ಳು ಅದು. ಭಾಗಮ್ಮ ಎದ್ದು ಬಂದಳು. ಹೊರಗೆ ಬರುವಾಗ ಗೊಬ್ಬರದ ಚೀಲವನ್ನು ಅವಳೇ ಎತ್ತಿಕೊಂಡಳು. ನಾನು ಹೇಳಿರಲಿಲ್ಲ.

ಆ ದಿನ ನನ್ನವಳು ಅವಳಿಗೆ ಗಂಜಿ ಕುಡಿಸಿದಳು, ಬಾಯಿ ತೊಳೆದಳು, ನನ್ನನ್ನು ಒಂದೂ ಮಾತು ಚುಚ್ಚಲಿಲ್ಲ. ಸೋಮವಾರದ ಮೊದಲ ಬಸ್ಸಿಗೆ ಭಾಲ್ಕಿಯಿಂದ ಔರಾದಕ್ಕೆ ಹೊರಟೆವು. ಚೀಲದ ವಾಸನೆಗೆ ಕಂಡಕ್ಟರು ಮೂಗು ಮುಚ್ಚಿಕೊಂಡ. “ಏನದ್ರಿ ಅದು?” ಎಂದ. “ಸಾಕ್ಷಿ” ಎಂದೆ. ಸಾಕ್ಷಿಗೆ ಅರ್ಧ ಟಿಕೆಟ್ಟು ಹರಿದ.

ಔರಾದದಿಂದ ಆಟೋ. ಊರಿನ ಬೀದಿಗಳಲ್ಲಿ ಯಾರೂ ಇರಲಿಲ್ಲ. ಅಂಥ ಖಾಲಿ ಬೀದಿಗಳಿಗೆ ಒಂದೇ ಅರ್ಥ. ಜೀಪು ಬರುವ ಸುದ್ದಿ ಸೋರಿತ್ತು. ಮಧ್ಯಾಹ್ನದ ಮುಹೂರ್ತವನ್ನು ಬೆಳಿಗ್ಗೆಗೇ ತಂದಿದ್ದರು. ನಾನು ಆಟೋದಿಂದಲೇ ಠಾಣೆಗೆ ಫೋನು ಮಾಡಿದೆ.

ಚಾವಡಿಯ ಮುಂದೆ ಇಡೀ ಊರು. ನಡುವೆ ಕಂಬಕ್ಕೆ ಸಿಸ್ಟರಮ್ಮನನ್ನು ಕಟ್ಟಿದ್ದರು. ಮನೆಯಿಂದ ಎಳೆದು ತರುವಾಗ ಬಲಗೈ ಮುರಿದಿತ್ತು. ಮೊಣಕೈ ಕೆಳಗೆ ಅದು ತನಗೆ ಸಂಬಂಧವಿಲ್ಲದಂತೆ ತೂಗುತ್ತಿತ್ತು. ಹಣೆ ಒಡೆದಿತ್ತು. ಬಿಳಿ ಸೀರೆಯ ಎದೆಯೆಲ್ಲ ರಕ್ತ. ಮಾಳಪ್ಪ ಅವರ ತಲೆಯನ್ನು ಎರಡೂ ಕೈಯಿಂದ ಹಿಡಿದಿದ್ದ. ಶಿವರಾಯನ ಕೈಯಲ್ಲಿ ಇಕ್ಕಳ. ಒಂದು ಹಲ್ಲು ಆಗಲೇ ಹೋಗಿತ್ತು; ನೆಲದಲ್ಲಿ ನಿಂಬೆಹಣ್ಣಿನ ಹೋಳುಗಳ ನಡುವೆ ಬಿದ್ದಿತ್ತು.

ಆದರೆ ಇಕ್ಕಳ ನಿಂತಿತ್ತು. ಎಲ್ಲರೂ ಏನನ್ನೋ ಕಾಯುತ್ತಿದ್ದರು. ಪಕ್ಕದಲ್ಲಿ ಮೂರು ಕಲ್ಲಿಟ್ಟು, ಬೆಂಕಿ ಹಚ್ಚಿ, ಹೆಂಗಸರು ನೀರು ಕಾಸುತ್ತಿದ್ದರು.

ಆಮೇಲೆ ತಿಳಿಯಿತು. ಮೊದಲ ಹಲ್ಲು ಕಿತ್ತ ಮೇಲೆ ಸಿಸ್ಟರಮ್ಮ ರಕ್ತ ಉಗುಳಿ ಗದರಿದ್ದರು: “ಏ ಶಿವರಾಯ, ಆ ಪಕ್ಕಡ ಕುದಿಸೀಯೇನೋ? ಕುರಿ ಹೇಲು ಹತ್ಯದ ಅದಕ. ಸೆಪ್ಟಿಕ್ ಆಗ್ತದ. ನೀರು ಕಾಸ್ರಿ ಮೊದಲ!” ನಲವತ್ತು ವರ್ಷ ಈ ಊರಿನ ಪ್ರತಿ ಹೆರಿಗೆಯಲ್ಲೂ ಆ ದನಿ ಅದೇ ಮಾತು ಹೇಳಿತ್ತು. ಕೇಳಿದೊಡನೆ ಊರಿನ ಕೈಕಾಲು ತಾವಾಗಿಯೇ ಚಲಿಸಿದವು. ಯಾರೋ ಕಟ್ಟಿಗೆ ತಂದರು, ಯಾರೋ ಪಾತ್ರೆ ತಂದರು. ಮಾಟಗಾತಿಯ ಹಲ್ಲು ಕೀಳುವ ಇಕ್ಕಳವನ್ನು ಮಾಟಗಾತಿಯ ಅಪ್ಪಣೆಯ ಮೇರೆಗೆ ಶುದ್ಧಿ ಮಾಡಲು ಒಂದು ಊರು ನೀರು ಕಾಯಿಸುತ್ತ ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

ನಾವು ಬರುವ ಹೊತ್ತಿಗೆ ನೀರು ಗುಳುಗುಳು ಎನ್ನುತ್ತಿತ್ತು.

“ಬಾಯಿ ತೆರೀರಿ, ಸಿಸ್ಟರಮ್ಮ” ಎಂದ ಮಾಳಪ್ಪ.

“ಅಪ್ಪಾ” ಎಂದಳು ಭಾಗಮ್ಮ.

ಗುಂಪು ಎರಡಾಗಿ ಸರಿಯಿತು. ಅವಳು ನಡುವೆ ನಡೆದು ಹೋಗಿ, ಅಪ್ಪನ ಎದುರಿಗೆ ನಿಂತು, ಸೆರಗು ತೆಗೆದಳು. ತುಟಿ ಸೀಳಿತ್ತು. ಮೇಲಿನ ಸಾಲಿನಲ್ಲಿ ಎರಡು ಹಲ್ಲ ಜಾಗ ಕಪ್ಪಗೆ ತೆರೆದಿತ್ತು.

ಮಾಳಪ್ಪ ಸಿಸ್ಟರಮ್ಮನ ತಲೆಯನ್ನು ಇನ್ನೂ ಹಿಡಿದುಕೊಂಡೇ ಕೇಳಿದ: “ಯಾರು?”

“ನೀ ಕೊಟ್ಟ ಮನ್ಯಾಗಿನವರು.”

“ಯಾಕ?”

ಅವಳು ಚೀಲ ಸುರಿದಳು. ಆ ಉದ್ದ ಕಾಲುಗಳು ಬಿಚ್ಚಿಕೊಂಡು ಅವನ ಪಾದದ ಮೇಲೆ ಬಿದ್ದವು. “ನೀ ಕೊಟ್ಟ ಟಗರಿಂದು. ಅಲ್ಲೂ ಇವೇ ಹುಟ್ಟ್ಯಾವ. ಸಿಸ್ಟರಮ್ಮ ಅಲ್ಲೀ ತನ ಬಂದಾರೇನು? ನಾ ಮಾಡೀನಂತ ಅವರು ಅಂದ್ರು. ಇಕಿ ಮಾಡ್ಯಾಳಂತ ನೀ ಅಂತಿ. ಮಾಡಿದ್ದು ನಿನ್ನ ನವಾಬ.”

ಹಲ್ಲಿಲ್ಲದ ಜಾಗದಿಂದ ಮಾತು ಗಾಳಿಯಾಗಿ ಹೊರಗೆ ಹೋಗುತ್ತಿತ್ತು. ಆದರೂ ತೊದಲಿದ ಆ ಮಾತು ನಾಟಿತು.

ಮಾಳಪ್ಪನ ಕೈ ಸಡಿಲಾದವು. ನಾನು ಹೋಗಿ ಹಗ್ಗ ಬಿಚ್ಚಿದೆ. ಯಾರೂ ತಡೆಯಲಿಲ್ಲ. ಆದರೆ ಅಷ್ಟು ದೊಡ್ಡ ಗುಂಪು, ಅಷ್ಟು ದಿನ ಕೂಡಿಟ್ಟ ಸಿಟ್ಟು, ಸುಮ್ಮನೆ ಮನೆಗೆ ಹೋಗುವಂಥದಲ್ಲ. ಹಿಂದಿನಿಂದ ಯಾರೋ ಕೂಗಿದರು, “ನವಾಬಂಗ ತರ್ರಿ!” ಜನ ದೊಡ್ಡಿಯ ಕಡೆ ನುಗ್ಗಿದರು. ಎಳೆದು ತಂದರು. ಕೋಲು, ಕಲ್ಲು, ಕುಡಗೋಲು. ಆ ಹೆಸರುಕಾಳಿನ ಹೊಲದಲ್ಲಿ ಅದರ ಹಣೆಗೆ ರಕ್ತದ ತಿಲಕವಿಟ್ಟಾಗ ಕೂಗಿದ ಬಾಯಿಗಳೇ. ಶಿವರಾಯ ಇಕ್ಕಳದಿಂದ ಅದರ ಮೂತಿಗೆ ಹೊಡೆದ.

“ಅದರ ಹಲ್ಲೂ ಕೀಳ್ತೀರೇನೋ?” ಎಂದರು ಸಿಸ್ಟರಮ್ಮ ನೆಲದಿಂದ. “ಅದೇನು ಮಂತ್ರ ಓದ್ಯದ?”

ಯಾರಿಗೂ ಕೇಳಲಿಲ್ಲ. ನವಾಬ ತನಗೆ ತಿಳಿದ ಒಂದೇ ಕೆಲಸ ಮಾಡಿತು. ಹಿಂದೆ ಸರಿಯಿತು, ಗಾಳಿ ನುಂಗಿತು, ಎದ್ದಿತು, ಇಳಿಯಿತು. ಶಿವರಾಯನ ಮೊಣಕಾಲ ಕೆಳಗೆ ಆ ತೊಗರಿಕಟ್ಟಿಗೆಯ ಸದ್ದಾಯಿತು. ಅವನು ಬಿದ್ದು ಕಿರುಚತೊಡಗಿದ. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಕಲ್ಲುಗಳು ನವಾಬನ ಮೇಲೆ ಬಿದ್ದವು. ಒಂದು ಕಣ್ಣು ಹೋಯಿತು. ಮುಂಗಾಲೂರಿ ಕುಸಿದು, ಮತ್ತೆ ಎದ್ದು, ಇನ್ನೊಬ್ಬನನ್ನು ಬೀಳಿಸಿತು.

ಆಗ ಮಾಳಪ್ಪ ಕೊಡಲಿ ತಗೊಂಡು ಬಂದ. ಜನ ದಾರಿ ಬಿಟ್ಟರು. ಅವನನ್ನು ಕಂಡು ನವಾಬ ನಿಂತಿತು. ಕೊಂಬಿನ ಬುಡ ತುರಿಸಲು ಅವನು ಬಂದಾಗೆಲ್ಲ ಮಾಡುವಂತೆ ತಲೆ ತಗ್ಗಿಸಿ ಕೊಟ್ಟಿತು. ಅವನು ಎಡಗೈಯಿಂದ ಕೊಂಬಿನ ಬುಡ ತುರಿಸಿದ. ನನ್ನ ಕಡೆ ತಿರುಗಿದ.

“ಇದರ ತಪ್ಪೇನ್ರಿ ಸಾಬ್?”

“ಏನೂ ಇಲ್ಲ ಮಾಳಪ್ಪ.”

“ಇಲ್ಲಲ್ರಿ” ಎಂದ. ಕೊಡಲಿ ಎತ್ತಿದ. ಒಂದೇ ಏಟಿಗೆ ಆಗಲಿಲ್ಲ.

ಜೀಪು ಬಂತು. ಹಿಡಿಯಬೇಕಾದದ್ದು ಇಡೀ ಊರನ್ನೇ ಆದ್ದರಿಂದ ಪೊಲೀಸರು ಮೊದಲು ಗಾಯಾಳುಗಳನ್ನು ಸಾಗಿಸಿದರು. ಸಿಸ್ಟರಮ್ಮ, ಭಾಗಮ್ಮ, ಶಿವರಾಯ ಮೂವರೂ ಒಂದೇ ಗಾಡಿಯಲ್ಲಿ ಬೀದರಿನ ಆಸ್ಪತ್ರೆಗೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಸಿಸ್ಟರಮ್ಮ ಮುರಿದ ಕೈ ಹಿಡಿದುಕೊಂಡು, “ಕಾಲು ಅಲ್ಲಾಡಿಸಬ್ಯಾಡೋ ಮೂಳಾ, ಎಲುಬು ಇನ್ನೂ ಹರಿತದ” ಎಂದು ತನ್ನ ಹಲ್ಲು ಕಿತ್ತವನನ್ನು ಗದರಿಸುತ್ತಿದ್ದರಂತೆ. ಮಹಾರಾಜ ಗಡಿ ದಾಟಿದ್ದ, ಮರುವಾರ ಸಿಕ್ಕ. ಭಾಗಮ್ಮನ ಗಂಡ ಮತ್ತು ಅತ್ತೆಯ ಮೇಲೂ ಕೇಸಾಯಿತು.

ಗೌರಿಗೆ ನವಾಬನ ಕಿವಿಯ ಚೂರೊಂದನ್ನು ಕಳಿಸಿದೆ. ಅವಳು ಊಹಿಸಿದ್ದೇ ನಿಜವೆಂದು ಲ್ಯಾಬಿನಿಂದ ಉತ್ತರ ಬರುವ ಮೊದಲೇ ನವಾಬನನ್ನು ಊರು ತಿಂದು ಮುಗಿಸಿತ್ತು. ಅವತ್ತು ಸಂಜೆ ಪಾಲು ಹಾಕುವಾಗ ಒಬ್ಬ ಕುಳ್ಳ ಮನುಷ್ಯ ನನ್ನನ್ನು ಮರೆಗೆ ಕರೆದು, “ಇದನ್ನ ತಿಂದ್ರ ನಮ್ಮ ಕಾಲೂ ಉದ್ದ ಆಗ್ತಾವೇನ್ರಿ?” ಎಂದ. ಇಲ್ಲ ಎಂದೆ. ಅವನು ಹೆದರಿ ಕೇಳಿದ್ದಲ್ಲ, ಆಸೆಯಿಂದ ಕೇಳಿದ್ದು. ಮುಖ ಸಣ್ಣದಾಯಿತು.

ಮರುದಿನ ನಾನು ಆಸ್ಪತ್ರೆಯಲ್ಲಿದ್ದೆ. ಸಿಸ್ಟರಮ್ಮನ ಕೈಗೆ ಪಟ್ಟಿ ಕಟ್ಟಿದ್ದರು. ಪಕ್ಕದ ಮಂಚದಲ್ಲಿ ಭಾಗಮ್ಮ. ಒಬ್ಬ ಜಮಾದಾರ ಹೇಳಿಕೆ ಬರೆದುಕೊಳ್ಳುತ್ತಿದ್ದ. ಮಾಳಪ್ಪ ಬಾಗಿಲಲ್ಲಿ ನಿಂತ. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಅಲ್ಯುಮಿನಿಯಂ ಡಬರಿ. ಡಬರಿಯ ಮುಚ್ಚಳ ಕೂತಿರಲಿಲ್ಲ. ಒಳಗಿನ ಕಾಲೆಲುಬುಗಳು ಪಾತ್ರೆಯ ಬಾಯಿ ದಾಟಿ ಹೊರಗೆ ಚಾಚಿದ್ದವು. ಮುಚ್ಚಳವನ್ನು ಅವುಗಳ ಮೇಲೆ ಟೋಪಿಯಂತೆ ಇಟ್ಟು ದಾರದಿಂದ ಬಿಗಿದಿದ್ದ. ಪಾಯಾದ ಆವಿ ಆ ಸಂದಿನಿಂದ ಏಳುತ್ತಿತ್ತು.

“ಎಲುಬು ಕೂಡಲಾಕ ಛಲೋ ಅಂತ ತಂದೀನ್ರಿ” ಎಂದ. “ಇಲ್ಲಿಂದ ಸೀದಾ ಠಾಣಾಕ್ಕ ಹೋಗ್ತೇನ್ರಿ. ಉಟ್ಕೊಳ್ಳಾಕ ಅರಬಿ ತಂದೀನಿ.”

ಸಿಸ್ಟರಮ್ಮ ಆ ಎಲುಬುಗಳನ್ನು ನೋಡಿದರು.

“ಯಾವನದು ಅಂತ ಕೇಳಂಗೇ ಇಲ್ಲ” ಎಂದರು. ಆಮೇಲೆ ಎಡಗೈಯಿಂದ ಪಕ್ಕದ ಮಂಚ ತೋರಿಸಿದರು. “ನನಗ ಬ್ಯಾಡ. ಅಲ್ಲಿ ಕೂಡು. ಆಕಿಗಿ ಕುಡಸು. ಆರಿಸಿ ಕುಡಸು, ಬಾಯಿ ಹುಣ್ಣಾಗ್ಯದ.”

ಅವನು ಮಗಳ ಮಂಚದ ಬಳಿ ನೆಲಕ್ಕೆ ಕೂತು, ದಾರ ಬಿಚ್ಚಿ, ಚಮಚೆಯಲ್ಲಿ ತೆಗೆದು ಊದತೊಡಗಿದ. ಭಾಗಮ್ಮ ಮುಖ ಗೋಡೆಗೆ ತಿರುಗಿಸಿಕೊಂಡಳು. ಅವನು ಚಮಚೆ ಹಿಡಿದುಕೊಂಡೇ ಇದ್ದ. ಆರಿತು. ಮತ್ತೊಂದು ತೆಗೆದ.

“ಹ್ಞಾಂ, ಬರಕೋರಿ ಜಮಾದಾರ್ರೇ” ಎಂದರು ಸಿಸ್ಟರಮ್ಮ, ಇಡೀ ವಾರ್ಡಿಗೆ ಕೇಳುವ ದನಿಯಲ್ಲಿ. “ಕಿತ್ತಂವ ಶಿವರಾಯ. ತಲಿ ಹಿಡದಂವ ಮಾಳಪ್ಪ. ನೆಟ್ಟಗ ಬರೀರಿ. ತಲಿ ಹಿಡದಂವ, ಮಾಳಪ್ಪ.”

ಮಾಳಪ್ಪ ತಲೆ ಎತ್ತಲಿಲ್ಲ. “ಹೌದ್ರಿ” ಎಂದ, ಚಮಚೆಗೆ.

“ಏನ್ ಡಾಕ್ಟರ್ ಸಾಬ್, ಆರಿ ಹೋತಲ್ರಿ!” ಎಂದರು ಖಾಸಿಂ ಸಾಬ್, ಪೇಟೆಯ ಅಂಗಡಿಯಲ್ಲಿ ನನ್ನೆದುರು ಕೂತು. ನನ್ನ ಬಟ್ಟಲಿನ ಮೇಲೆ ಕೊಬ್ಬು ಬಿಳಿಯ ಪೊರೆಯಾಗಿ ಕಟ್ಟಿತ್ತು. ಅಂಗಡಿಯವನು ದೊಡ್ಡ ಡೇಗಿನಿಂದ ಬಿಸಿ ಬಿಸಿ ಇನ್ನೊಂದು ಸೌಟು ಸುರಿದು, ಮುಚ್ಚಳ ಮುಚ್ಚಿದ. ನಾನು ಅದನ್ನೇ ನೋಡುತ್ತಿದ್ದೆ. ಮುಚ್ಚಳ ಟಣ್ಣೆಂದು ಸರಿಯಾಗಿ ಕೂತಿತು. ಬಟ್ಟಲನ್ನು ಕೈಗೆ ತಗೊಂಡೆ.